ಸಿಂಕ್ ಕೆಳಗೆ ಬಗ್ಗಿ ನೋಡಿ ಆರಿಸಿದ ಕಾಂಟ್ರಾಕ್ಟರ್

ಮೊದಲ ಸಲ ಅಡುಗೆಮನೆ ಮಾಡಿಸಿದಾಗ ನಾನು ನೋಡಿದ್ದು ಒಂದೇ, ಯಾರ ಕೊಟೇಶನ್ ಕಮ್ಮಿ ಅಂತ. ಎರಡು ವರ್ಷ ತುಂಬುವಷ್ಟರಲ್ಲಿ ಸಿಂಕ್ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿತು. ಬಾಗಿಲು ಮುಚ್ಚಲು ಮೊಣಕಾಲು ಕೊಟ್ಟು ಒತ್ತಬೇಕಿತ್ತು. ಕೆಲಸ ಮಾಡಿದವರು ಅಷ್ಟು ಹೊತ್ತಿಗೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಈ ಸಲ ಮೂವರನ್ನು ಕರೆಸಿದೆ. ಮೊದಲನೆಯವರು ಬಾಗಿಲಲ್ಲೇ ನಿಂತು ನಾಲ್ಕು ಫೋಟೊ ತೆಗೆದು, 'ಸಂಜೆ ರೇಟು ಕಳಿಸ್ತೀನಿ' ಅಂದು ಹೊರಟರು. ಎರಡನೆಯವರು ಲ್ಯಾಮಿನೇಟ್ ಬಣ್ಣಗಳ ಪುಸ್ತಕ ಬಿಚ್ಚಿ ಕೂತರು. ಮೂರನೆಯವರು ಟೇಪು ಹಿಡಿದು ಒಂದೇ ಗೋಡೆಯನ್ನು ಕೆಳಗೆ, ನಡುವೆ, ಮೇಲೆ ಅಂತ ಮೂರು ಕಡೆ ಅಳೆದರು. ಮೂರೂ ಬೇರೆ ಬೇರೆ! ಮೇಲಕ್ಕೂ ಕೆಳಕ್ಕೂ 12 ಮಿಲಿಮೀಟರ್ ವ್ಯತ್ಯಾಸ. 'ಗೋಡೆ ನೆಟ್ಟಗಿಲ್ಲ. ಈಗಲೇ ನೋಡಿಕೊಳ್ಳದಿದ್ದರೆ ಕೊನೆಯ ಕಪಾಟು ಕೂರಲ್ಲ' ಅಂದರು. ಆಮೇಲೆ, 'ಅಡುಗೆ ಜಾಸ್ತಿ ಮಾಡೋದು ಯಾರು?' ನಾನೇ ಅಂದೆ. ನನ್ನನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ಅದಕ್ಕಿಂತ 10-15 ಸೆಂಟಿಮೀಟರ್ ಕೆಳಗೆ ಕಟ್ಟೆಯ ಎತ್ತರ ಗುರುತು ಮಾಡಿಕೊಂಡರು.

ಅಷ್ಟಕ್ಕೇ ಒಪ್ಪಲಿಲ್ಲ. ಮೂವರಿಗೂ ಹೇಳಿದೆ, ಮೂರು ವರ್ಷ ಹಳೆಯ ಕೆಲಸ ತೋರಿಸಿ. ಹೊಸದು ಯಾರು ಮಾಡಿದ್ದೂ ಚೆನ್ನಾಗೇ ಕಾಣುತ್ತೆ, ಅಲ್ವಾ? ಇಬ್ಬರು ಫೋಟೊ ಕಳಿಸಿ ಸುಮ್ಮನಾದರು. ಮೂರನೆಯವರು ಒಂದು ಮನೆಗೆ ಕರೆದುಕೊಂಡು ಹೋದರು. ಮನೆಯವರನ್ನು ಕೇಳಿ ಸಿಂಕ್ ಕೆಳಗಿನ ಬಾಗಿಲು ತೆಗೆದು, ನೆಲಕ್ಕೆ ಕೂತು ಒಳಗೆ ತಲೆ ಹಾಕಿದೆ. ಮುಗ್ಗಲು ವಾಸನೆ ಇರಲಿಲ್ಲ. ಹಲಗೆಯ ಅಂಚಿಗೆ ಉಗುರು ಎಳೆದೆ, ಪಟ್ಟಿ ಎದ್ದಿರಲಿಲ್ಲ. ಪೈಪಿಗೆ ಕೊರೆದ ತೂತಿನ ಸುತ್ತ ಸಿಲಿಕಾನ್ ಹಚ್ಚಿದ್ದರು. ಯಾರ ಕಣ್ಣಿಗೂ ಬೀಳದ ಜಾಗ ಅದು.

ಮನೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ, ಆಮೇಲೆ ಕರೆದಾಗ ಬಂದರಾ? 'ಒಂದು ಹಿಂಜ್ ಸಡಿಲ ಆಗಿತ್ತು. ಎರಡು ದಿನ ತಡ ಮಾಡಿದರು, ಆದರೆ ಬಂದರು.' ಆ ತಡದ ಮಾತು ಕೇಳಿಯೇ ನಂಬಿಕೆ ಬಂತು. ಬರೀ ಹೊಗಳಿದ್ದರೆ ನೆಂಟರಿರಬೇಕು ಅಂದುಕೊಳ್ಳುತ್ತಿದ್ದೆ.

ಅವರ ಕೊಟೇಶನ್ನೇ ಎಲ್ಲರಿಗಿಂತ ಜಾಸ್ತಿ. ಆದರೆ ಮೊದಲನೆಯವರದ್ದು ಒಂದೇ ಸಾಲು, 'ಪೂರ್ತಿ ಕೆಲಸ'. ಪ್ಲೈವುಡ್ ಯಾವುದು ಅಂದರೆ 'ವಾಟರ್‌ಪ್ರೂಫೇ, ಚಿಂತೆ ಬೇಡ'. ಮೂರನೆಯವರು ಬರೆದೇ ಕೊಟ್ಟಿದ್ದರು: ಸಿಂಕ್ ಕಡೆಗೆ 18 ಮಿ.ಮೀ. ದಪ್ಪದ ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರಿಗೂ ಅಂಟು ಬಿಡದ್ದು. ನೀರು ತಾಗದ ಮೇಲಿನ ಕಪಾಟಿಗೆ ಎಂಆರ್, ಅಂದರೆ ಬರೀ ತೇವ ತಡೆಯುವ ಪ್ಲೈವುಡ್ ಸಾಕು. ಹಳೇ ಟೈಲ್ಸ್ ಒಡೆಯುವುದು, ಕಸ ಸಾಗಿಸುವುದು, ಪ್ಲಂಬರ್ ಕೂಲಿ, ಎಲ್ಲಕ್ಕೂ ಬೇರೆ ಸಾಲು. ಮೊದಲನೆಯವರ ಲೆಕ್ಕಕ್ಕೆ ಇವನ್ನು ಸೇರಿಸಿ ನೋಡಿದೆ. ಅಂತರ ಹೆಚ್ಚೇನೂ ಉಳಿಯಲಿಲ್ಲ.

ಮೂರನೆಯವರನ್ನೇ ಆರಿಸಿದೆ. ಅರ್ಧ ಹಣ ಅಡ್ವಾನ್ಸ್ ಕೇಳಿದರು. ಇಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಕೆಲಸ ಮುಗಿದ ಹಾಗೆಲ್ಲ ಒಂದೊಂದು ಕಂತು, ಕೊನೆಯ ಶೇ. 10 ಎರಡು ವಾರ ಬಳಸಿ ನೋಡಿದ ಮೇಲೆ. ಗೊಣಗಿದರು, ಒಪ್ಪಿದರು.

ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವಾಯಿತು. ಕೊನೆಯ ಕಂತು ಕೊಡುವ ಮುಂಚೆ ಸಿಂಕ್ ತುಂಬ ನೀರು ಹಿಡಿದು, ಕೆಳಗೆ ಒಣ ಪೇಪರ್ ಹಾಸಿ, ನೀರನ್ನು ಒಮ್ಮೆಲೇ ಬಿಟ್ಟೆ. ಪೇಪರ್ ಮೇಲೆ ಎರಡು ಹನಿ. ಫೋನ್ ಮಾಡಿದೆ. ಸಂಜೆಯೇ ಬಂದು ನಟ್ಟು ಬಿಗಿ ಮಾಡಿದರು. ಮತ್ತೆ ಪೇಪರ್ ಹಾಸಿ ನೀರು ಬಿಟ್ಟೆ. ಈ ಸಲ ಇಬ್ಬರೂ ಬಗ್ಗಿ ನೋಡಿದೆವು.