ಯಾರು ಬಿಡಬೇಕು: ಐದು ರಸ್ತೆ ಸರ್ಕಲ್ಲಿನಿಂದ ದೇವಿಮನೆ ಘಟ್ಟದವರೆಗೆ ನನ್ನ ಅನುಭವ

ಕುಮಟಾದಲ್ಲಿ ಮೀನು ಸಾಗಾಟ ಮಾಡುವ ಮಾಲೀಕರೊಬ್ಬರು ತಮ್ಮ ಚಾಲಕರ ತರಬೇತಿಯನ್ನು ಈ ವರ್ಷವೂ ಶಿರಸಿಯಲ್ಲಿ ಡ್ರೈವಿಂಗ್ ಕಲಿಸುವ ನನಗೇ ಕೊಟ್ಟಿದ್ದಾರೆ. ಮೊದಲ ಸಲ ಈ ಕೆಲಸ ಹಿಡಿದಾಗ ಹೊನ್ನಾವರ, ಕಾರವಾರ ಕಡೆಯ ಡ್ರೈವಿಂಗ್ ಸ್ಕೂಲಿನ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. "ಇಲ್ಲಿ ದೊಡ್ಡ ಗಾಡಿಯೇ ಕಾಯ್ದೆ ಮಾರಾಯಾ. ದಾರಿ ಯಾರಿಗೆ ಅಂತ ಪಾಠ ಹೇಳ್ತಾ ಕೂತ್ರೆ ನಿನ್ನ ಹುಡುಗ್ರು ಸಂಜೆವರೆಗೂ ಸರ್ಕಲ್ ದಾಟೂದಿಲ್ಲ." ಹುಡುಗರು ದಾಟಿದ್ದಾರೆ. ಅವರ ಏಳು ಮೀನು ಟೆಂಪೋಗಳ ಬಾಡಿ ಕೆಲಸಕ್ಕೆ, ಅಂದರೆ ಗುದ್ದಿ ಉಜ್ಜಿದ್ದರ ರಿಪೇರಿಗೆ, ಮೊದಲು ತಿಂಗಳಿಗೆ ಹೆಚ್ಚುಕಡಿಮೆ ಎಂಟೊಂಬತ್ತು ಸಾವಿರ ಹೋಗುತ್ತಿತ್ತು, ಈಗ ಎರಡು-ಮೂರು ಸಾವಿರಕ್ಕೆ ಇಳಿದಿದೆ ಎಂದು ಮಾಲೀಕರೇ ಲೆಕ್ಕ ಹೇಳಿದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಓದುವವರು ಈ ಕಸುಬಿನವರೇ ಎಂದುಕೊಂಡಿದ್ದೇನೆ. ಎಂಟು ಹೊಡೆಸುವುದು, ಹಾಫ್ ಕ್ಲಚ್, ಹ್ಯಾಂಡ್ ಬ್ರೇಕ್ ಹಾಕಿ ಏರಿಯಲ್ಲಿ ಎತ್ತುವುದು ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಹೇಳುವುದು ರೈಟ್ ಆಫ್ ವೇ, ಅಂದರೆ ದಾರಿಯ ಹಕ್ಕು ಯಾರದ್ದು ಎಂಬ ಒಂದರ ಬಗ್ಗೆ ಮಾತ್ರ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಪರೀಕ್ಷೆಯ ಪ್ರಶ್ನೆಗೆ ನಮ್ಮ ವಿದ್ಯಾರ್ಥಿ ಸರಿ ಉತ್ತರ ಒತ್ತುತ್ತಾನೆ, ಹೊರಗೆ ಬಂದು ಶಿರಸಿಯ ಯಲ್ಲಾಪುರ ನಾಕಾದಲ್ಲಿ ಕೈಕಾಲು ಬಿಡುತ್ತಾನೆ. ಆ ನಡುವಿನ ಜಾಗ ನಮ್ಮದು.

ಮೊದಲು ದುಡ್ಡು ಹೋದ ದಾರಿಗಳನ್ನು ಹೇಳಿಬಿಡುತ್ತೇನೆ, ನೀವಾದರೂ ಉಳಿಸಿಕೊಳ್ಳಿ. ಶಿರಸಿಯ ಐದು ರಸ್ತೆ ಸರ್ಕಲ್ಲಿನ ನಕ್ಷೆಯನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕಿದೆ, ಬಾಣದ ಗುರುತೆಲ್ಲ ಬಣ್ಣಬಣ್ಣದ್ದು. ನಾಲ್ಕು ಸಾವಿರದ ಆಸುಪಾಸು ಖರ್ಚಾಯಿತು. ವಿದ್ಯಾರ್ಥಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಅಷ್ಟೇ. ಆಮೇಲೆ ಹಳೆಯ ಪ್ರೊಜೆಕ್ಟರ್ ಒಂದನ್ನು ಹನ್ನೆರಡು ಸಾವಿರಕ್ಕೆ ತಂದು, ಡ್ಯಾಶ್‌ಕ್ಯಾಮಿನಲ್ಲಿ ಹಿಡಿದ ವಿಡಿಯೋ ತೋರಿಸಿದೆ. ವಿಡಿಯೋದಲ್ಲಿ ತಪ್ಪು ಯಾರದು ಎಂದು ಎಲ್ಲರೂ ಹೇಳುತ್ತಾರೆ, ಏಕೆಂದರೆ ಅಲ್ಲಿ ತಪ್ಪು ಆಗಲೇ ಆಗಿಹೋಗಿದೆ. ಸ್ಟಿಯರಿಂಗ್ ಹಿಡಿದವನಿಗೆ ಬೇಕಾಗಿರುವುದು ಆಗುವುದಕ್ಕೆ ಎರಡು ಸೆಕೆಂಡ್ ಮುಂಚಿನ ತೀರ್ಮಾನ. ನಿಯಮ ಬಾಯಿಪಾಠ ಮಾಡಿಸಿದ್ದೂ ಆಯಿತು. "ಬಲಗಡೆಯವನಿಗೆ ದಾರಿ" ಎಂದು ರಾಗವಾಗಿ ಹೇಳುವ ಹುಡುಗನೇ ಬಲಗಡೆಯಿಂದ ರಿಕ್ಷಾ ಬಂದಾಗ ಹಾರ್ನ್ ಹೊಡೆದು ಮುಂದೆ ನುಗ್ಗಿದ.

ಕೊನೆಗೆ ಹಿಡಿದ ಹಾದಿ ಇಷ್ಟು: "ಮೊದಲು ಯಾರು ಹೋಗಬೇಕು" ಎಂದು ನಾನು ಯಾರನ್ನೂ ಕೇಳುವುದಿಲ್ಲ, "ಯಾರು ಬಿಡಬೇಕು" ಎಂದೇ ಕೇಳುತ್ತೇನೆ. ಮೊದಲಿನ ಪ್ರಶ್ನೆ ಕೇಳಿದರೆ ಪ್ರತಿಯೊಬ್ಬನೂ ತನ್ನ ಗಾಡಿಗೇ ಕಾರಣ ಹುಡುಕುತ್ತಾನೆ. ಎರಡನೆಯದನ್ನು ಕೇಳಿದರೆ ಕಣ್ಣು ತಾನಾಗಿ ಎದುರಿನ ಗಾಡಿಯ ಕಡೆಗೆ, ಬೋರ್ಡಿನ ಕಡೆಗೆ ಹೋಗುತ್ತದೆ.

ಪಾಠ ಶುರುವಾಗುವುದು ಅಂಗಳದಲ್ಲಿ. ಸೀಮೆಸುಣ್ಣದಲ್ಲಿ ಕೂಡುರಸ್ತೆ ಬರೆದು ಅಡಿಕೆ ಇಡುತ್ತೇನೆ. ಸುಲಿದ ಚಾಲಿ ಅಡಿಕೆ ಅಂದರೆ ಕಾರು, ಸಿಪ್ಪೆ ಸಮೇತ ಒಣಗಿದ ದಪ್ಪ ಸಿಪ್ಪೆಗೋಟು ಅಂದರೆ ಲಾರಿ-ಬಸ್ಸು, ಕೆಂಪಡಿಕೆ ಅಂದರೆ ಆಂಬುಲೆನ್ಸ್ ಅಥವಾ ಅಗ್ನಿಶಾಮಕ. ವಿದ್ಯಾರ್ಥಿ ಮೊದಲು ಮುಟ್ಟಬೇಕಾದದ್ದು ಬಿಡಬೇಕಾದ ಗಾಡಿಯನ್ನು. ಅದನ್ನು ಗೆರೆಯ ಹಿಂದೆ ಎಳೆದಿಟ್ಟ ಮೇಲೆಯೇ ಇನ್ನೊಂದನ್ನು ಸರಿಸಬಹುದು. ಚಾಲಿಯಲ್ಲಿ ತಾನು ಕೂತಿದ್ದೇನೆ, ಸಿಪ್ಪೆಗೋಟು ಚಿಕ್ಕ ರಸ್ತೆಯಿಂದ ಬರುತ್ತಿದೆ ಎಂದಾಗ ಶೇಕಡಾ ಎಂಬತ್ತು ಜನ ಚಾಲಿಯನ್ನೇ ಹಿಂದೆ ಎಳೆಯುತ್ತಾರೆ. "ಮಾಸ್ತರ್ರೇ, ಲಾರಿ ಅಲ್ದಾ, ಅದು ಎಲ್ಲಿ ನಿಲ್ತದೆ?" ಗಾತ್ರ ನೋಡಿ ನಿಯಮ ಮಾಡಿಕೊಳ್ಳುವ ಈ ಅಭ್ಯಾಸ ಅಂಗಳದಲ್ಲೇ ಬಿಡಿಸಬೇಕು, ರಸ್ತೆಯಲ್ಲಿ ಬಿಡಿಸಲು ಆಗುವುದಿಲ್ಲ.

ಪ್ರಶ್ನೆ ಕೇಳುವ ಕ್ರಮವನ್ನು ನಾನು ಗಟ್ಟಿ ಮಾಡಿಸುತ್ತೇನೆ. ಪೊಲೀಸರು ನಿಂತಿದ್ದಾರಾ? ಇದ್ದರೆ ಅವರ ಕೈ ಸಿಗ್ನಲ್ ದೀಪಕ್ಕಿಂತ ದೊಡ್ಡದು. ಸೈರನ್ ಕೇಳುತ್ತಿದೆಯಾ? ತಲೆಕೆಳಗಾದ ತ್ರಿಕೋನವೋ ಎಂಟು ಮೂಲೆಯ ಸ್ಟಾಪ್ ಬೋರ್ಡೋ ಇದೆಯಾ? ನಾನು ಚಿಕ್ಕ ರಸ್ತೆಯಿಂದ ದೊಡ್ಡದಕ್ಕೆ ಸೇರುತ್ತಿದ್ದೇನಾ? ವೃತ್ತವಾದರೆ ಒಳಗೆ ಸುತ್ತುತ್ತಿರುವವರಿಗೆ ಹೊರಗಿನವರು ಬಿಡಬೇಕು. ಇದ್ಯಾವುದೂ ಇಲ್ಲದ, ಎರಡೂ ರಸ್ತೆ ಸಮವಾದ ಕೂಡುದಾರಿಯಲ್ಲಿ ಮಾತ್ರ ಬಲಗಡೆಯಿಂದ ಬರುವವರಿಗೆ ಬಿಡಬೇಕು ಎಂಬ ಮಾತು ಬರುತ್ತದೆ. ನಮ್ಮವರು ಈ ಕೊನೆಯದನ್ನೇ ಮೊದಲು ಕಲಿಸುತ್ತಾರೆ, ಗೊಂದಲದ ಬೇರು ಅಲ್ಲೇ ಇದೆ. ಎದುರುಬದುರು ಬಂದಾಗ ನೇರ ಹೋಗುವವರಿಗೆ ತಿರುಗುವವರು ಬಿಡಬೇಕು, ಬಲಕ್ಕೆ ತಿರುಗುವವರು ಎಡಕ್ಕೆ ತಿರುಗುವವರಿಗೆ ಬಿಡಬೇಕು. 1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂದಿದೆ. ಇನ್ನೂ ಹಳೆಯ ಚಾರ್ಟನ್ನೇ ಗೋಡೆಗೆ ಹಾಕಿಕೊಂಡವರು ಒಮ್ಮೆ ಹೊಸದನ್ನು ಓದಿ.

ಅಂಗಳ ಮುಗಿದ ಮೇಲೆ ರಸ್ತೆ. ಇಲ್ಲಿ ವಿದ್ಯಾರ್ಥಿ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು: "ನಾನು ಬಿಡಬೇಕು" ಅಥವಾ "ಅವರು ಬಿಡಬೇಕು... ನಿಧಾನ ಮಾಡಿದರು... ಬಿಟ್ಟರು." "ಬಿಟ್ಟರು" ಅನ್ನುವ ಮಾತು ಬಾಯಿಂದ ಬರುವವರೆಗೆ ಆಕ್ಸಿಲರೇಟರ್ ಒತ್ತುವ ಹಾಗಿಲ್ಲ. ನಮ್ಮ ದಾರಿ ಆಗಿದ್ದರೂ ಬಿಡಬೇಕಾದವರು ಬಿಟ್ಟದ್ದನ್ನು ನೋಡಿಯೇ ಹೋಗಬೇಕು. ಎದುರಿನವರ ಮುಖ ನೋಡಬೇಡ, ಮುಂದಿನ ಚಕ್ರ ನೋಡು ಎಂದು ಹೇಳಿಕೊಡುತ್ತೇನೆ. ಮುಖ ನಮ್ಮನ್ನೇ ನೋಡುತ್ತಿರಬಹುದು, ಗಮನ ಮೊಬೈಲಿನಲ್ಲಿ ಇರಬಹುದು. ಚಕ್ರ ನಿಂತರೆ ನಿಂತಂತೆ. ಸ್ಕೂಟಿಯವರ ವಿಷಯದಲ್ಲಿ ಚಕ್ರಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ ಒಂದಿದೆ. ಅದನ್ನು ನನ್ನ ಹತ್ತಿರ ಕಲಿಯಲು ಬಂದವರಿಗೆ ಮಾತ್ರ ಹೇಳುತ್ತೇನೆ.

ಘಟ್ಟದ ಪಾಠ ನನ್ನ ಹೆಮ್ಮೆ. ಅಗಲ ಸಾಲದ ಘಟ್ಟದಲ್ಲಿ ಇಳಿಯುವವರು ಹತ್ತುವವರಿಗೆ ಬಿಡಬೇಕು, ಬದಿಗೆ ನಿಂತು ದಾರಿ ಕೊಡಬೇಕು. ಇದು ಎಲ್ಲರಿಗೂ ಗೊತ್ತು, ಮಾಡಿಸುವವರು ಕಡಿಮೆ. ಕಲಿಯುವ ಹುಡುಗರು ಹೆದರಿ, ಹತ್ತುವಾಗ ಇಳಿಯುವ ಪ್ರತಿ ಲಾರಿಗೂ ತಾವೇ ನಿಂತುಬಿಡುತ್ತಿದ್ದರು. ಮತ್ತೆ ಏರಿಯಲ್ಲಿ ಎತ್ತುವಾಗ ಕ್ಲಚ್ಚಿನ ಗತಿ ಏನಾಗುತ್ತದೆ ನಿಮಗೇ ಗೊತ್ತು. ಒಂದೇ ವರ್ಷದಲ್ಲಿ ಎರಡು ಗಾಡಿಗಳ ಕ್ಲಚ್ ಪ್ಲೇಟು ಹೋಯಿತು, ಮಜೂರಿ ಸೇರಿ ಒಂದೊಂದಕ್ಕೆ ಒಂಬತ್ತು ಸಾವಿರದ ಹತ್ತಿರ. ಮನೆಯವರು ಘಟ್ಟದ ಪಾಠವನ್ನೇ ನಿಲ್ಲಿಸಿ ಎಂದರು. ನಿಲ್ಲಿಸಲಿಲ್ಲ, ಪಾಠವನ್ನು ತಿರುಗಿಸಿದೆ: ಮೊದಲು ಇಳಿಯುವುದನ್ನು ಕಲಿಸಿದೆ. ಶಿರಸಿಯಿಂದ ಕುಮಟಾ ಕಡೆಗೆ ಹೊರಟು ದೇವಿಮನೆ ಘಟ್ಟ ಇಳಿಯುವಾಗ ಪ್ರತಿ ತಿರುವಿಗೂ ಮೊದಲೇ "ನಾನು ಎಲ್ಲಿ ನಿಲ್ಲುತ್ತೇನೆ" ಎಂದು ಜಾಗ ತೋರಿಸಬೇಕು. ತಿರುವಿನೊಳಗೆ ನಿಂತವನು ನಿಯಮ ಪಾಲಿಸಿಯೂ ದಾರಿ ಕಟ್ಟುತ್ತಾನೆ. ಹತ್ತುವ ಉದ್ದ ಲಾರಿಗೆ ಹೇರ್‌ಪಿನ್ನಿನಲ್ಲಿ ಪೂರ್ತಿ ರಸ್ತೆ ಬೇಕು. ಹಾಗಾಗಿ ತಿರುವಿಗೆ ಮುಂಚೆ, ಅಗಲ ಇದ್ದಲ್ಲಿ, ಎಡಕ್ಕೆ ನಿಲ್ಲಬೇಕು. ಇಳಿಯುವಾಗ ನಿಲ್ಲುವ ಜಾಗ ಹುಡುಕಿ ಅಭ್ಯಾಸವಾದ ಹುಡುಗನಿಗೆ ಹತ್ತುವಾಗ ಎದುರಿನವರು ಎಲ್ಲಿ ನಿಲ್ಲುತ್ತಾರೆ ಎಂಬುದೂ ಕಾಣತೊಡಗುತ್ತದೆ. ಆಮೇಲೆ ಕ್ಲಚ್ ಪ್ಲೇಟು ಬದಲಿಸಿದ್ದಿಲ್ಲ.

ಒಂದು ಕಡೆ ಮಾತ್ರ ನಿಯಮಕ್ಕೆ ನನ್ನ ಸೇರ್ಪಡೆ ಇದೆ. ಇಳಿದು ಬರುವ ಲೋಡ್ ಲಾರಿಯಿಂದ ಬ್ರೇಕ್ ಸುಟ್ಟ ವಾಸನೆ ಬಂದರೆ, ಹತ್ತುವ ನಾವೇ ಜಾಗ ನೋಡಿ ಪಕ್ಕಕ್ಕೆ ಹೋಗುವುದು. ಆಗ ಕಾಯ್ದೆ ನಮ್ಮ ಕಡೆ ಇದೆ ಎಂದು ಲಾರಿಯ ಮುಂದೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಕೆಲಸಕ್ಕೆಂದು ದೇವಿಮನೆ ಬಂದ್ ಮಾಡಿದಾಗ ಸಿದ್ದಾಪುರದ ಕಡೆಯ ದೊಡ್ಮನೆ ಘಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ರಸ್ತೆ ಸಣ್ಣದು, ಪಾಠಕ್ಕೆ ಅದೇ ಒಳ್ಳೆಯದು ಅನಿಸಿದೆ. ಘಟ್ಟಕ್ಕೆ ಬೇರೆಯಾಗಿ ಒಂದೂವರೆ ಸಾವಿರ ತೆಗೆದುಕೊಳ್ಳುತ್ತೇನೆ. ಮೊದಲು ಗೊಣಗುತ್ತಿದ್ದವರೇ ಈಗ ತಮ್ಮ ಮಗಳನ್ನೂ ಕಳಿಸುತ್ತಿದ್ದಾರೆ.

ಹೆಡ್‌ಲೈಟ್ ಮಿಣುಕಿಸುವುದರ ಬಗ್ಗೆ ಹೇಳಲೇಬೇಕು. ಒಬ್ಬ "ನಾನು ಬಂದೆ, ನಿಲ್ಲು" ಎಂದು ಮಿಣುಕಿಸುತ್ತಾನೆ, ಇನ್ನೊಬ್ಬ "ನೀನು ಬಾ" ಎಂದು ಮಿಣುಕಿಸುತ್ತಾನೆ. ಲಾರಿಯವರ ಇಂಡಿಕೇಟರೂ ಹಾಗೆ. ಬಲ ಇಂಡಿಕೇಟರ್ ಹಾಕಿದ್ದು ಓವರ್‌ಟೇಕ್ ಮಾಡು ಎಂದೋ, ತಾನು ಬಲಕ್ಕೆ ತಿರುಗುತ್ತೇನೆ ಎಂದೋ? ನಮ್ಮ ಜಿಲ್ಲೆಯ ಘಟ್ಟಗಳಲ್ಲಿ ಕರಾವಳಿಯ ಟೆಂಪೋ, ಬಯಲುಸೀಮೆಯ ಲಾರಿ, ಗೋವಾದ ಕಾರು, ಕೇರಳದ ಟ್ಯಾಂಕರ್ ಎಲ್ಲ ಸೇರುತ್ತವೆ, ಒಬ್ಬೊಬ್ಬರ ರೂಢಿ ಒಂದೊಂದು. ಅದಕ್ಕೆ ನನ್ನಲ್ಲಿ ಲೈಟನ್ನು ನಂಬುವ ಪಾಠವೇ ಇಲ್ಲ. ಕುರುಡು ತಿರುವಿಗೆ ಮೊದಲು ನಾವಿದ್ದೇವೆ ಎಂದು ತಿಳಿಸಲು ಮಿಣುಕಿಸಿ, ದಾರಿ ಕೇಳಲು ಬೇಡ.

ಕರಾವಳಿಯ ಹೆದ್ದಾರಿ 66ರಲ್ಲಿ ತೊಂದರೆ ಬೇರೆ. ನಾಲ್ಕು ಪಥ ಆದಮೇಲೆ ನಡುವಿನ ಡಿವೈಡರ್ ಬಿಟ್ಟಲ್ಲಿ ಯು ಟರ್ನ್ ತೆಗೆಯುವವರು ಎರಡೂ ಕಡೆಯ ಗಾಡಿಗಳಿಗೆ ಬಿಡಬೇಕು, ಸರ್ವೀಸ್ ರಸ್ತೆಯಿಂದ ಬರುವವರು ಹೆದ್ದಾರಿಯವರಿಗೆ ಬಿಡಬೇಕು. ಆದರೆ ಮೀನು ಟೆಂಪೋದ ಹುಡುಗರು ಹಳೆಯ ಎರಡು ಪಥದ ಅಭ್ಯಾಸದಲ್ಲೇ ಇದ್ದರು. ಮೂತಿ ಅರ್ಧ ಒಳಗೆ ತುರುಕಿದರೆ ಎಲ್ಲರೂ ನಿಲ್ಲುತ್ತಾರೆ ಎಂಬ ಲೆಕ್ಕ. ಅವರ ಬಾಡಿ ಖರ್ಚಿನ ಮುಕ್ಕಾಲು ಪಾಲು ಈ ಮೂತಿಯಲ್ಲೇ ಇತ್ತು. "ಐಸು ಕರಗ್ತದೆ ಸರ್, ನಿಂತ್ರೆ ಮಾಲೀಕ್ರು ಬೈತಾರೆ" ಎಂದು ಒಬ್ಬ ಹೇಳಿದ. ಗಡಿಯಾರ ಹಿಡಿದು ತೋರಿಸಿದೆ: ಅಂಕೋಲಾದಿಂದ ಕುಮಟಾವರೆಗೆ ಎಲ್ಲ ಕಡೆ ನಿಂತು ಬಿಟ್ಟು ಬಂದರೂ ಹೆಚ್ಚಾದದ್ದು ಮೂರು-ನಾಲ್ಕು ನಿಮಿಷ. ಐಸಿಗೆ ಅದೇನೂ ಅಲ್ಲ. ಮಾಲೀಕರೂ ಆ ದಿನ ಗಾಡಿಯಲ್ಲಿ ಕೂತಿದ್ದರು, ನನಗೆ ಕೆಲಸ ಉಳಿದದ್ದು ಅದರಿಂದಲೇ. 2024ರ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆಯ ಮೇಲೇ ಬಂದಾಗ, ಸದಾಶಿವಗಡದ ಕಡೆ ಹೋಗುತ್ತಿದ್ದ ನನ್ನ ಹುಡುಗರಿಗೆ ಎದುರು ಗಾಡಿಯ ಪಾಠವನ್ನು ಹೊಸದಾಗಿ ಮಾಡಿಸಬೇಕಾಯಿತು.

ಆಂಬುಲೆನ್ಸ್ ವಿಷಯ ನಮ್ಮ ಜಿಲ್ಲೆಗೆ ಹೆಚ್ಚು ಬೇಕು. ಗಂಭೀರ ರೋಗಿಗಳನ್ನು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ ಒಯ್ಯುವುದು ನಮಗೆ ದಿನದ ಮಾತು. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ದಂಡದ ಭಯಕ್ಕಿಂತ ಹೇಗೆ ಬಿಡಬೇಕು ಎಂದು ಕಲಿಸುವುದು ಕಷ್ಟ. ಸೈರನ್ ಕೇಳಿದ ಕೂಡಲೇ ಹೊಸಬರು ಇದ್ದಲ್ಲೇ ಬ್ರೇಕ್ ಹಾಕುತ್ತಾರೆ. ಅರಬೈಲ್ ಘಟ್ಟದ ತಿರುವಿನಲ್ಲಿ ಹಾಗೆ ಮಾಡಿದರೆ ಆಂಬುಲೆನ್ಸಿಗೇ ದಾರಿ ಇಲ್ಲ. ಎಡ ಇಂಡಿಕೇಟರ್ ಹಾಕಿ, ಅಗಲ ಸಿಗುವವರೆಗೆ ಚಲಿಸುತ್ತಲೇ ಹೋಗಿ, ಅಲ್ಲಿ ನಿಲ್ಲಬೇಕು. ಇದನ್ನು ನಾನು ಮೊಬೈಲಿನಲ್ಲಿ ಸೈರನ್ ಹಾಕಿ ಅಭ್ಯಾಸ ಮಾಡಿಸುತ್ತೇನೆ, ಹಿಂದಿನ ಸೀಟಿನಿಂದ, ಹೇಳದೇ ಕೇಳದೇ.

ಪಕ್ಕದ ಪ್ರಯೋಗಗಳೂ ನಡೆದಿವೆ. ನಮ್ಮ ತೋಟದ ದಾರಿ ಡಾಂಬರು ರಸ್ತೆಗೆ ಸೇರುವಲ್ಲಿ ಉಬ್ಬುಗನ್ನಡಿ ನೆಟ್ಟೆ, ಕಂಬ ಸೇರಿ ಎರಡೂವರೆ ಸಾವಿರ. ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮಳೆಗಾಲದಲ್ಲಿ ಮಂಜು ಹಿಡಿದು, ಆಮೇಲೆ ಪಾಚಿ ಕಟ್ಟಿ ಏನೂ ಕಾಣದು. ಪಾತ್ರೆ ತೊಳೆಯುವ ಸೋಪಿನ ನೀರು ತೆಳ್ಳಗೆ ಸವರಿದರೆ ಅರ್ಧ ದಿನ ಮಂಜು ಹಿಡಿಯುವುದಿಲ್ಲ. ಕಾಯಿಗಿಂತ ಕನ್ನಡಿ ಇಷ್ಟವಾಗಿ ಮಂಗಗಳು ಅದರ ಮೇಲೆ ಕೂರತೊಡಗಿದ ಮೇಲೆ ಕಂಬವೇ ವಾಲಿತು. ಗಾಡಿಯ ಹಿಂದೆ "ನಾನು ಬಿಡುತ್ತೇನೆ" ಎಂದು ಕಿತ್ತಳೆ ಸ್ಟಿಕ್ಕರ್ ಅಂಟಿಸಿಯೂ ನೋಡಿದೆ. ಹಿಂದಿನವರು ಹಾರ್ನ್ ಹೊಡೆಯುವುದು ಕಡಿಮೆಯಾಯಿತು, ಪಕ್ಕದಿಂದ ನುಗ್ಗುವುದು ಹೆಚ್ಚಾಯಿತು. ತೆಗೆದೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಕಾರು ಕಲಿಯಲು ಆರೂವರೆ-ಏಳು ಸಾವಿರ ತೆಗೆದುಕೊಳ್ಳುತ್ತೇನೆ, ಅಂಗಳದ ಪಾಠ ಅದರೊಳಗೇ. ಅಡಿಕೆ ಮನೆಯದು. ಟೆಂಪೋ ಮಾಲೀಕರ ಜತೆ ಮೊದಲ ವರ್ಷದ ಒಪ್ಪಂದ ಬಾಡಿ ಖರ್ಚು ಇಳಿದರೆ ಮಾತ್ರ ಹಣ ಎಂದಿತ್ತು. ಈ ಶರತ್ತಿಗೆ ನಗಾಡಿದವರು ಬಹಳ. ಖರ್ಚು ಇಳಿದದ್ದು ನಾಲ್ಕನೇ ತಿಂಗಳಿನಿಂದ, ಅಲ್ಲಿವರೆಗೆ ಡೀಸೆಲ್ ನನ್ನ ಕೈಯಿಂದ. ಸ್ವಂತ ಕಾರಿನವರಿಗೆ ನಾನು ಹೇಳುವುದು ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ನೋಡಿಕೊಳ್ಳಿ ಎಂದು: ಮೊದಲ ವರ್ಷಕ್ಕೆ 20 ಪರ್ಸೆಂಟ್, ಐದು ವರ್ಷ ಕ್ಲೇಮ್ ಇಲ್ಲದೆ ಹೋದರೆ ಸ್ವಂತ ಹಾನಿಯ ಕಂತಿನಲ್ಲಿ 50 ಪರ್ಸೆಂಟ್ ಉಳಿಯುತ್ತದೆ.

ಈಗ ಭಟ್ಕಳದ ಕಡೆಯಿಂದಲೂ ಇಬ್ಬರು ಮಾಲೀಕರು ಕೇಳಿದ್ದಾರೆ. ಕಾರಿನಲ್ಲಿ ಕಲಿಸಿ ಟೆಂಪೋಕ್ಕೆ ಕಳಿಸುವುದಕ್ಕಿಂತ ಟೆಂಪೋದಲ್ಲೇ ಕಲಿಸುವುದು ಸರಿ ಅನಿಸಿ ಹಳೆಯ ಟಾಟಾ 407 ಟೆಂಪೋ ಒಂದನ್ನು ನೋಡುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಕೇಳಿದ ಬೆಲೆ ನನಗೆ ಹೆಚ್ಚಾಯಿತು. ಶಿರಸಿಯಲ್ಲೇ ಒಬ್ಬರದ್ದು ಇದೆ, ಗೇರ್ ಬಾಕ್ಸ್ ತೋರಿಸಿ ನೋಡಬೇಕು. ಮಳೆ ಕಡಿಮೆಯಾದ ಮೇಲೆ ಅದರಲ್ಲಿ ದೇವಿಮನೆ ಇಳಿಸುವುದರಿಂದಲೇ ಅವರ ಪಾಠ ಶುರು.