ಪತ್ತನಾಜೆಗೆ ಮೊದಲೇ ಲಾರಿ ಘಟ್ಟ ಹತ್ತಲಿ: ಊರು ಬದಲಿಸುವವರಿಗೊಂದು ಲೆಕ್ಕಾಚಾರ

ಮಂಗಳೂರು, ಉಡುಪಿ ಬಿಟ್ಟು ಬೆಂಗಳೂರಿಗೋ ಪುಣೆಗೋ ಮನೆ ಬದಲಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ‘ಲಾರಿಗೆ ಎಷ್ಟಾಗ್ತದೆ?’ ಎಂದು. ಲಾರಿ ಬಾಡಿಗೆ ಒಮ್ಮೆ ಕೊಟ್ಟರೆ ಮುಗಿಯಿತು. ಸಂಸಾರವನ್ನು ಹಣ್ಣು ಮಾಡುವ ಖರ್ಚುಗಳು ಬೇರೆಯೇ ಇವೆ. ಹೊಸ ಮನೆಗೆ ಮೊದಲೇ ಕಟ್ಟಬೇಕಾದ ಅಡ್ವಾನ್ಸ್, ಹಳೆಯ ಮನೆಯಿಂದ ಇನ್ನೂ ವಾಪಸು ಬಾರದ ಅಡ್ವಾನ್ಸ್, ಹೊಸ ಕೆಲಸದ ಮೊದಲ ಸಂಬಳ ಕೈಸೇರುವ ತನಕದ ದಿನಗಳು. ಹಾಗಾಗಿ ಮೊದಲು ತಾರೀಕು, ಆಮೇಲೆ ನಗದು, ಲಾರಿಯ ಮಾತು ಅದರ ನಂತರ.

ತಾರೀಕು ನಿಶ್ಚಯಿಸುವುದು

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಏಪ್ರಿಲ್ ಮಧ್ಯದಿಂದ ಮೇ 20ರ ಒಳಗೆ ಸಾಮಾನು ಸಾಗಿಸಿಬಿಡಿ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಹೊಸ ಶಾಲೆ ಶುರುವಾಗಿರುವುದಿಲ್ಲ. ಮೇ ಕೊನೆಯ ವಾರದಲ್ಲಿ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ಮಳೆ ಹೊಸ್ತಿಲಲ್ಲಿರುತ್ತದೆ. ಹಿರಿಯರು ಹಾಕಿದ ಈ ಗೆರೆ ಸಾಮಾನು ಸಾಗಿಸುವವರಿಗೂ ಸರಿಯಾಗಿ ಹೊಂದುತ್ತದೆ.

ಕಾರಣ ಘಟ್ಟ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಲಾರಿಗಳ ಮುಖ್ಯ ದಾರಿ ಶಿರಾಡಿ. 2018ರ ಆಗಸ್ಟ್ ಮಳೆಗೆ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಜರಿದು ಸಂಚಾರ ನಿಂತದ್ದು ಇಲ್ಲಿಯವರಿಗೆ ಮರೆತಿಲ್ಲ. ಉಡುಪಿಯವರಿಗೆ ಹತ್ತಿರವೆನಿಸುವ ಆಗುಂಬೆಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ದಾರಿ ಮುಚ್ಚಿ ಸುತ್ತು ಹೊಡೆದರೆ ಬಾಡಿಗೆ ಏರುತ್ತದೆ, ಟಾರ್ಪಾಲಿನ ಅಡಿಯ ಹಾಸಿಗೆ ತೇವ ಹಿಡಿಯುತ್ತದೆ. ಶುಭಕಾರ್ಯಕ್ಕೆ ಆಗದೆನ್ನುವ ಮಳೆಗಾಲದ ತುಳು ತಿಂಗಳು ಆಟಿಯಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲು ಮನೆಯ ಹಿರಿಯರು ಹೇಗೂ ಒಪ್ಪುವುದಿಲ್ಲ.

ಕೆಲಸಕ್ಕೆ ಸೇರುವ ದಿನ ಜೂನ್-ಜುಲೈಯಲ್ಲೇ ಬಿದ್ದರೆ ಒಬ್ಬರು ಎರಡು ಸೂಟ್‌ಕೇಸ್ ಹಿಡಿದು ಮೊದಲು ಹೋಗಿ ಪಿಜಿಯಲ್ಲಿರಲಿ. ಸಂಸಾರ, ಸಾಮಾನು ಮಳೆ ಇಳಿದ ಮೇಲೆ ಹೋಗಲಿ. ಎರಡು ಕಡೆ ಖರ್ಚಾಗುವುದು ನಿಜ. ಆದರೆ ಆ ತಿಂಗಳುಗಳಲ್ಲಿ ಆಫೀಸಿನ ದಾರಿ, ನೀರಿನ ಸ್ಥಿತಿ, ಶಾಲೆ ಎಲ್ಲ ನೋಡಿಕೊಂಡು ಮನೆ ಹಿಡಿಯಬಹುದು. ಫೋನಿನಲ್ಲಿ ಫೋಟೊ ನೋಡಿ ಅಡ್ವಾನ್ಸ್ ಕಳಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಕೈಯಲ್ಲಿ ಎಷ್ಟು ನಗದು ಬೇಕು?

ಒಂದು ಲೆಕ್ಕ ಹಾಕಿ ನೋಡೋಣ. ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ನೀವೇ ತುಂಬಿಕೊಳ್ಳಿ.

ಮಂಗಳೂರಿನ ಕದ್ರಿಯ ಬಾಡಿಗೆ ಮನೆಯ ನಾಲ್ವರ ಸಂಸಾರವೊಂದು ಬೆಂಗಳೂರಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಹಿಡಿದ ಮನೆಯ ಬಾಡಿಗೆ 25,000 ರೂ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇತ್ತು. ಈಗ ಎರಡು-ಮೂರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಹತ್ತಕ್ಕೇ ಪಟ್ಟು ಹಿಡಿಯುವವರೂ ಇದ್ದಾರೆ. ನಡುವೆ ಐದು ತಿಂಗಳು ಎಂದರೆ 1,25,000. ಮೊದಲ ತಿಂಗಳ ಬಾಡಿಗೆ 25,000, ಬ್ರೋಕರ್‌ಗೆ ಒಂದು ತಿಂಗಳದ್ದು 25,000. ಒಂದು ಚಮಚವೂ ಮನೆಯಿಂದ ಕದಲುವ ಮೊದಲೇ 1,75,000 ಹೋಯಿತು.

ಇನ್ನು ಮಂಗಳೂರಿನ ಮನೆಗೆ ನೋಟಿಸ್ ಅವಧಿಯ ಒಂದು ತಿಂಗಳ ಬಾಡಿಗೆ 14,000. ಪ್ಯಾಕಿಂಗ್, ಲಾರಿ, ಲೋಡಿಂಗ್, ಅನ್‌ಲೋಡಿಂಗ್ ಎಲ್ಲ ಸೇರಿ 40,000. ಪರದೆ, ಬಲ್ಬು, ಇಂಟರ್ನೆಟ್, ಗ್ಯಾಸ್, ಎಸಿ ಬಿಚ್ಚಿ ಜೋಡಿಸುವ ಕೂಲಿಗೆ 20,000. ಮೊದಲ ಸಂಬಳದವರೆಗೆ ಮನೆಖರ್ಚಿಗೆ 30,000. ಒಟ್ಟು 2,79,000. ನೂರಕ್ಕೆ ಹತ್ತರಷ್ಟು ಕೈಮೀಸಲು ಇಟ್ಟರೆ ಹತ್ತಿರ ಹತ್ತಿರ 3,07,000.

ಇದರಲ್ಲಿ ಲಾರಿಯ ಪಾಲು ಏಳರಲ್ಲಿ ಒಂದು! ಲಾರಿಯಲ್ಲಿ ಎರಡು ಸಾವಿರ ಇಳಿಸಲು ಮೂರು ದಿನ ಚೌಕಾಸಿ ಮಾಡುವವರು ಅಡ್ವಾನ್ಸಿನ ವಿಷಯದಲ್ಲಿ ಒಂದು ಮಾತೂ ಆಡದೆ ತಲೆಯಾಡಿಸಿ ಬರುತ್ತಾರೆ. ಒಂದು ತಿಂಗಳ ಅಡ್ವಾನ್ಸ್ ಕಡಿಮೆಯಾದರೂ 25,000 ನಿಮ್ಮ ಕೈಯಲ್ಲೇ ಉಳಿಯುತ್ತದೆ. ಚೌಕಾಸಿ ಅಲ್ಲಿ ಮಾಡಿ.

ಹಳೆಯ ಮನೆಯ ಅಡ್ವಾನ್ಸನ್ನು ಈ ಲೆಕ್ಕದ ಆದಾಯದ ಕಡೆ ಬರೆಯಲೇಬೇಡಿ. ಕೀಲಿ ಕೊಟ್ಟು, ಪೇಂಟಿಂಗ್ ಖರ್ಚು ಕಳೆದು, ಮಾಲೀಕರು ಉಳಿದದ್ದನ್ನು ಕೊಡುವ ಹೊತ್ತಿಗೆ ನೀವು ಅಲ್ಲಿ ಬಾಡಿಗೆ ಕಟ್ಟಿ ಆಗಿರುತ್ತದೆ. ಸಿಕ್ಕಿದಾಗ ಸಿಗಲಿ. ಮನೆ ಖಾಲಿ ಮಾಡುವ ದಿನ ಗೋಡೆ, ನಲ್ಲಿ, ಮೆಸ್ಕಾಂ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ, ಕೊನೆಯ ಬಿಲ್ ಕಟ್ಟಿದ ರಶೀದಿಯನ್ನೂ ಇಟ್ಟುಕೊಳ್ಳಿ.

ಕಂಪನಿ ಸ್ಥಳಾಂತರ ಭತ್ಯೆ ಕೊಡುವುದಾದರೆ ಯಾವಾಗ ಕೊಡುತ್ತದೆ, ಜಿಎಸ್‌ಟಿ ಬಿಲ್ ಬೇಕೇ ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿ.

ಕರಾವಳಿಯಿಂದ ಹೋಗುವವರು ತಿಂಗಳ ಖರ್ಚಿನಲ್ಲಿ ಎಡವುವುದು ಸಾಮಾನ್ಯ. ಅಂಗಳದ ಬಾವಿಯ ನೀರಿಗೆ ನಾವು ದುಡ್ಡು ಕೊಟ್ಟು ಗೊತ್ತಿಲ್ಲ, ತೆಂಗಿನಕಾಯಿ ಊರಮನೆಯಿಂದ ಬರುತ್ತದೆ, ಸ್ನಾನದ ನೀರು ಹಂಡೆಯಲ್ಲಿ ಮಡಲು-ಸಿಪ್ಪೆ ಉರಿಸಿ ಕಾಯುತ್ತದೆ. ಅಲ್ಲಿ ಇವೆಲ್ಲಕ್ಕೂ ಬಿಲ್ ಉಂಟು. ಅಡ್ವಾನ್ಸ್ ಕೊಡುವ ಮೊದಲು ‘ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? ಬೇಸಿಗೆಯಲ್ಲಿ ಹೇಗೆ? ಮೇಂಟೆನೆನ್ಸ್ ಬಾಡಿಗೆಯೊಳಗೋ ಬೇರೆಯೋ?’ ಎಂದು ಬಾಯಿಬಿಟ್ಟು ಕೇಳಿ. ಊರಿಗೆ ಬಂದು ಹೋಗುವ ಖರ್ಚೂ ಸಣ್ಣದಲ್ಲ. ಕುಟುಂಬದ ನೇಮ, ಜಾತ್ರೆ, ಮದುವೆ, ದೀಪಾವಳಿ ಎಂದು ನಾಲ್ವರು ಬಂದು ಹೋಗಬೇಕು, ಹಬ್ಬದ ಮುನ್ನಾದಿನ ಖಾಸಗಿ ಬಸ್ಸಿನ ದರ ಎಲ್ಲಿಗೆ ಏರುತ್ತದೆಂದು ಎಲ್ಲರಿಗೂ ಗೊತ್ತು. ವರ್ಷಕ್ಕೆ ಎಷ್ಟು ಸಲ ಬರಲೇಬೇಕು ಎಂದು ಎಣಿಸಿ ಹನ್ನೆರಡರಿಂದ ಭಾಗಿಸಿ, ತಿಂಗಳ ಬಜೆಟ್ಟಿಗೆ ಸೇರಿಸಿ.

ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು

ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಹುಟ್ಟಿದ, ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳನ್ನೂ ಕೊಟ್ಟ ನೆಲ ಇದು. ವರ್ಗಾವಣೆಯಲ್ಲೇ ಬದುಕು ಕಳೆದ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಮನೆಯಲ್ಲಿ ಅರ್ಧ ಗಂಟೆ ಕೂತು ಕೇಳಿ, ಯಾವ ವೆಬ್‌ಸೈಟೂ ಹೇಳದ ವಿಷಯ ಸಿಗುತ್ತದೆ.

ಪ್ರತಿ ದೊಡ್ಡ ಸಾಮಾನಿಗೆ ಒಂದೇ ಪ್ರಶ್ನೆ: ಇದನ್ನು ಇಲ್ಲಿ ಮಾರಿ ಅಲ್ಲಿ ಬೇರೆ ಕೊಂಡರೆ ಕೈಯಿಂದ ಎಷ್ಟು ಹೋಗುತ್ತದೆ? ಹಲಸಿನ ಮರದ ಮಂಚ, ತೇಗದ ಕಪಾಟು ಒಯ್ಯುವ ಸಾಮಾನು. ಹೊಟ್ಟು ಒತ್ತಿ ಮಾಡಿದ ಹಲಗೆಯ ವಾರ್ಡ್‌ರೋಬ್ ನಾಲ್ಕು ಮಳೆಗಾಲ ಕಂಡು ಉಬ್ಬಿರುತ್ತದೆ, ಬಿಚ್ಚಿದರೆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಅದನ್ನು ಇಲ್ಲೇ ಮಾರಿ ಇಲ್ಲವೇ ಗುಜರಿಗೆ ಹಾಕಿ. ಉಪ್ಪುಗಾಳಿಗೆ ಮಂಚದ ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಲೋಡಿಂಗ್‌ನವರು ಅವಸರದಲ್ಲಿ ಸುತ್ತಿಗೆಯಿಂದ ಹೊಡೆದು ಮರ ಸೀಳುವುದಕ್ಕಿಂತ ಹಿಂದಿನ ರಾತ್ರಿಯೇ ಪ್ರತಿ ಬೋಲ್ಟಿಗೆ ನಾಲ್ಕು ಹನಿ ಎಣ್ಣೆ ಬಿಟ್ಟಿಡಿ, ಬೆಳಿಗ್ಗೆ ಸ್ಪ್ಯಾನರ್‌ಗೆ ತಿರುಗುತ್ತದೆ. ಬಿಚ್ಚಿದ ಬೋಲ್ಟುಗಳನ್ನು ತೊಟ್ಟೆಗೆ ಹಾಕಿ ಆ ಮಂಚದ ಕಾಲಿಗೇ ಕಟ್ಟಿ.

ಕಡೆಯುವ ಕಲ್ಲನ್ನು ಮೂರನೇ ಮಾಳಿಗೆಯ ಫ್ಲ್ಯಾಟಿಗೆ ಒಯ್ಯುವುದಕ್ಕಿಂತ ಊರಮನೆಯಲ್ಲಿ ಬಿಡುವುದೇ ಒಳ್ಳೆಯದು. ಒಯ್ಯಲೇಬೇಕೆಂದರೆ ಕಲ್ಲು, ಗುಂಡು ಬೇರೆ ಬೇರೆ ಗೋಣಿಯಲ್ಲಿ ಕಟ್ಟಿ, ಎಲ್ಲಕ್ಕಿಂತ ಮೊದಲು ಲಾರಿಯ ತಳದಲ್ಲಿ, ಮುಂದಿನ ಮೂಲೆಗೆ ಒತ್ತಿ ಇಡಿಸಿ. ಭರಣಿಯ ಉಪ್ಪಿನಕಾಯಿಯನ್ನು ಡಬ್ಬಿಗೆ ಸುರಿದು ನಿಮ್ಮ ಕೈಯಲ್ಲೇ ಒಯ್ಯಿರಿ. ಖಾಲಿ ಭರಣಿಯೊಳಗೆ ಹಳೆ ಬಟ್ಟೆ ತುಂಬಿ, ಹೊರಗೆ ಬೈರಾಸು ಸುತ್ತಿ. ಬಟ್ಟೆ, ಪುಸ್ತಕಗಳನ್ನು ಒಂದು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಪೆಟ್ಟಿಗೆಗೆ ತುಂಬಿ, ಇಲ್ಲದಿದ್ದರೆ ಬೂಷ್ಟು ಜೊತೆಗೇ ಬರುತ್ತದೆ. ಪುಸ್ತಕಕ್ಕೆ ಸಣ್ಣ ಪೆಟ್ಟಿಗೆಯೇ ಆಗಬೇಕು.

ಲಾರಿ ಗೊತ್ತು ಮಾಡುವುದು

ಕನಿಷ್ಠ ಮೂವರನ್ನು ಮನೆಗೆ ಕರೆಸಿ, ಸಾಮಾನು ತೋರಿಸಿ ದರ ಕೇಳಿ. ಫೋನಿನಲ್ಲೇ ದರ ಹೇಳುವವರನ್ನು ಬಿಟ್ಟುಬಿಡಿ. ಪೂರ್ತಿ ಲಾರಿಯೋ ಪಾರ್ಟ್ ಲೋಡೋ ಎಂಬುದು ಮುಖ್ಯ. ಪಾರ್ಟ್ ಲೋಡ್ ಅಗ್ಗ, ಆದರೆ ಬೇರೆಯವರ ಸಾಮಾನಿನ ಜೊತೆ ಹೋಗುವುದರಿಂದ ತಲುಪುವ ದಿನ ನಿಶ್ಚಯವಿಲ್ಲ, ನಡುವೆ ಲಾರಿ ಬದಲಾಗುವುದೂ ಉಂಟು. ಪೂರ್ತಿ ಲಾರಿ ಸಂಜೆ ಹೊರಟರೆ ಬೆಳಿಗ್ಗೆ ಬೆಂಗಳೂರು. ಬೈಕ್ ಒಂದನ್ನೇ ಕಳಿಸುವುದಾದರೆ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ಆರ್‌ಸಿ ಮತ್ತು ವಿಮೆಯ ಪ್ರತಿ ಬೇಕು.

ದರಪಟ್ಟಿಯಲ್ಲಿ ಬರೆಸಿಕೊಳ್ಳಬೇಕಾದ್ದು: ಟೋಲ್ ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ, ಲಿಫ್ಟ್ ಇಲ್ಲದಿದ್ದರೆ ಮಾಳಿಗೆಗೆ ಎಷ್ಟು, ಲಾರಿ ಬಾಗಿಲಿಗೆ ಬರಲಾಗದಿದ್ದರೆ ಸಣ್ಣ ಟೆಂಪೊ ಖರ್ಚು ಯಾರದ್ದು. ಬೆಂಗಳೂರಿನಲ್ಲಿ ದಟ್ಟಣೆಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ನಿರ್ಬಂಧವಿದೆ. ಅಪಾರ್ಟ್‌ಮೆಂಟ್ ಸಂಘಗಳೂ ಸಾಮಾನು ಇಳಿಸಲು ಇಷ್ಟೇ ಹೊತ್ತು ಎಂದು ಗೊತ್ತು ಮಾಡಿರುತ್ತವೆ. ಎರಡನ್ನೂ ಹೊಂದಿಸಿ ಹೊರಡುವ ಸಮಯ ನಿಶ್ಚಯಿಸಿ.

ಉಳಿದವರಿಗಿಂತ ಅರ್ಧ ದರ ಹೇಳಿದವರ ಬಗ್ಗೆ ಎಚ್ಚರ. ಸಾಮಾನು ಲಾರಿ ಹತ್ತಿದ ಮೇಲೆ ‘ಚೆಕ್‌ಪೋಸ್ಟಿನಲ್ಲಿ ಟ್ಯಾಕ್ಸ್ ಕೇಳ್ತಿದ್ದಾರೆ’ ಎಂದು ಫೋನ್ ಮಾಡುವುದು ಹಳೆಯ ವಂಚನೆ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ಬೇಡವೆಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ರಾಜ್ಯಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು 2017ರಲ್ಲೇ ಹೋದವು. ಪೂರ್ತಿ ಹಣ ಮುಂಗಡ ಕೊಡಬೇಡಿ, ದೊಡ್ಡ ಪಾಲು ಇಳಿಸಿದ ಮೇಲೆ ಎಂದು ಬರೆಸಿ. ಸಾಮಾನು ಒಪ್ಪಿಸಿಕೊಂಡದ್ದಕ್ಕೆ ಸಾಗಣೆದಾರರು ಕೊಡುವ, ಲಾರಿ ನಂಬರ್ ಇರುವ ಎಲ್‌ಆರ್ ರಶೀದಿ ಕೈಗೆ ಬಾರದೆ ಲಾರಿ ಹೊರಡಬಾರದು. ವಿಮೆ ಮಾಡಿಸಿದ್ದೇವೆ ಎಂದರೆ ವಿಮಾ ಕಂಪನಿಯ ಪಾಲಿಸಿ ತೋರಿಸಲಿ, ಅವರದೇ ಲೆಟರ್‌ಹೆಡ್‌ನ ಭರವಸೆ ಸಾಲದು. ಚಿನ್ನ, ಪತ್ರಗಳು, ಮದ್ದು ನಿಮ್ಮ ಜೊತೆಗೇ ಬರಲಿ.

ಕಾಗದಪತ್ರ

ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಒಯ್ಯುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರನ್ನು ಏಜೆನ್ಸಿಗೆ ಒಪ್ಪಿಸಿ, ಠೇವಣಿ ವಾಪಸು ಪಡೆದು, ಅವರು ಕೊಡುವ ವೋಚರ್ ತೋರಿಸಿ ಅಲ್ಲಿ ಮತ್ತೆ ಸಂಪರ್ಕ ಪಡೆಯಿರಿ. ಮಕ್ಕಳ ಟಿಸಿಗೆ ಮುಂಚಿತವಾಗಿ ಅರ್ಜಿ ಕೊಡಿ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಶಿಕ್ಷಣ ಇಲಾಖೆಯ ಮೇಲುರುಜು ಬೇಕೇ ಎಂದು ಆ ಶಾಲೆಯಲ್ಲೇ ಕೇಳಿಕೊಳ್ಳಿ. ಕೆಎ-19, ಕೆಎ-20 ಗಾಡಿಯ ನಂಬರ್ ಕರ್ನಾಟಕದೊಳಗೆ ಎಲ್ಲಿಗೆ ಹೋದರೂ ಹಾಗೆಯೇ ಇರುತ್ತದೆ, ವಿಳಾಸ ಬದಲಾವಣೆಯನ್ನು 30 ದಿನಗಳೊಳಗೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಓಡಿಸುವುದಾದರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಪಡೆದು ಅಲ್ಲಿ ಮರುನೋಂದಣಿ ಮಾಡಿಸಬೇಕು. ಅಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕಾದ್ದರಿಂದ ಹಳೆಯ ಕಾರನ್ನು ಇಲ್ಲೇ ಮಾರುವುದು ಲಾಭವೇ ಎಂದು ನೋಡಿ. ಮತದಾರರ ಪಟ್ಟಿಯ ವಿಳಾಸ ಬದಲಿಸಲು ನಮೂನೆ 8.

ಲಾರಿ ತಲುಪಿದ ದಿನ

ಪ್ರತಿ ಪೆಟ್ಟಿಗೆಗೆ ನಂಬರ್ ಬರೆದು, ಯಾವುದರಲ್ಲಿ ಏನಿದೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರೆ ಆ ಬೆಳಿಗ್ಗೆ ಸಲೀಸು. ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ನಿಂತು ಬಂದ ನಂಬರಿಗೆ ಗೀಟು ಹಾಕುತ್ತ ಹೋಗಲಿ, ಇನ್ನೊಬ್ಬರು ಒಳಗೆ ಯಾವ ಕೋಣೆಗೆಂದು ಹೇಳಲಿ. ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ, ಕೆಲವು ಗಂಟೆ ಬಿಟ್ಟೇ ಸ್ವಿಚ್ ಹಾಕಿ. ಏನಾದರೂ ಒಡೆದಿದ್ದರೆ, ಕಾಣೆಯಾಗಿದ್ದರೆ ಸಹಿ ಹಾಕುವ ಮೊದಲೇ ಎಲ್‌ಆರ್ ಪ್ರತಿಯ ಮೇಲೆ ಬರೆಯಿರಿ, ಫೋಟೊ ತೆಗೆಯಿರಿ, ವಿಮೆ ಇದ್ದರೆ ಅಂದೇ ತಿಳಿಸಿ. ಸಾಗಣೆದಾರರ ಮೇಲೆ ದಾವೆ ಹೂಡಬೇಕಾಗಿ ಬಂದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು.