ಪಾಸ್ ರಶ್ ಅಳೆಯುವುದು ಹೇಗೆ? ಸ್ಯಾಕ್ ಪಟ್ಟಿ ಸ್ವಲ್ಪ ಪಕ್ಕಕ್ಕಿಡಿ

ಅಮೆರಿಕನ್ ಫುಟ್‌ಬಾಲ್‌ನ ರುಚಿ ಹತ್ತಿದವರು, ಅಲ್ಲೇ ನೆಲೆಸಿದ ಕನ್ನಡಿಗರಿರಲಿ, ಭಾನುವಾರ ರಾತ್ರಿ ಹತ್ತೂವರೆಗೆ ಇಲ್ಲಿ ಟಿ.ವಿ. ಮುಂದೆ ಕೂರುವವರಿರಲಿ, ಒಂದು ತಂಡದ ರಕ್ಷಣೆ ಗಟ್ಟಿಯೋ ಅಲ್ಲವೋ ಎಂದು ತೀರ್ಮಾನಿಸಲು ಮೊದಲು ತೆರೆಯುವುದು ಸ್ಯಾಕ್ ಪಟ್ಟಿಯನ್ನೇ. ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನತ್ತ ರಕ್ಷಣೆಯವರು ನುಗ್ಗುವುದೇ ಪಾಸ್ ರಶ್; ಎಸೆಯುವ ಮೊದಲೇ ಅವನನ್ನು ಆಟ ಆರಂಭವಾದ ಗೆರೆಯ ಹಿಂದೆ ಕೆಡವಿದರೆ ಅದು ಸ್ಯಾಕ್. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಇದನ್ನು ಆಟಗಾರರ ಹೆಸರಿನಲ್ಲಿ ಅಧಿಕೃತವಾಗಿ ಬರೆದಿಡಲು ತೊಡಗಿದ್ದು 1982ರಲ್ಲಿ. ಎಣಿಸಲು ಸುಲಭ, ನಂಬಲು ಕಷ್ಟ. 2001ರ ಋತುವಿನ ಕೊನೆಯ ಪಂದ್ಯದಲ್ಲಿ ಗ್ರೀನ್ ಬೇಯ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಬಲಕ್ಕೆ ಓಡಿ ತಾವಾಗಿಯೇ ನೆಲಕ್ಕೆ ಜಾರಿದರು. ಜೈಂಟ್ಸ್‌ನ ಮೈಕೆಲ್ ಸ್ಟ್ರೇಹನ್ ಬಂದು ಫಾರ್ವ್ ಅವರನ್ನು ಮುಟ್ಟಿದರು, ಅಷ್ಟೆ. 22.5 ಸ್ಯಾಕ್‌ಗಳ ಹೊಸ ದಾಖಲೆ ಬರೆದಾಯಿತು. ಸ್ಟ್ರೇಹನ್ ದೊಡ್ಡ ಆಟಗಾರರೇ. ಆದರೆ ಅದು ಗೊತ್ತಾಗುವುದು ಆ ಸ್ಯಾಕ್‌ನಿಂದಲ್ಲ.

ಹಾಗಾದರೆ ಏನನ್ನು ನೋಡಬೇಕು? 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಮಣಿಸಿದ ಸೂಪರ್ ಬೌಲ್ (ಲೀಗ್‌ನ ಫೈನಲ್) ಪಂದ್ಯವನ್ನೇ ಮುಂದಿಟ್ಟುಕೊಳ್ಳೋಣ. ಕಲಿಯಲು ಇದಕ್ಕಿಂತ ಒಳ್ಳೆಯ ಪಂದ್ಯ ಈಚೆಗೆ ಸಿಕ್ಕಿಲ್ಲ.

ಹೆಜ್ಜೆ 1: ಎಷ್ಟು ಜನ ನುಗ್ಗಿದರು ಎಂದು ಎಣಿಸಿ

ಕಣ್ಣು ಚೆಂಡಿನ ಮೇಲಿದ್ದರೆ ಇದು ಕಾಣುವುದಿಲ್ಲ. ಸ್ನ್ಯಾಪ್ ಆದ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ) ಕೂಡಲೇ ಕ್ವಾರ್ಟರ್‌ಬ್ಯಾಕ್ ಕಡೆಗೆ ಹೊರಟವರನ್ನು ಎಣಿಸಿ. ಎದುರಿನ ಲೈನ್‌ನಲ್ಲಿ ಅಡ್ಡಗಟ್ಟಲು ಐವರಿರುತ್ತಾರೆ. ನಾಲ್ವರೇ ನುಗ್ಗಿ ಈ ಐವರನ್ನು ಭೇದಿಸಿದರೆ, ಹಿಂದೆ ಪಾಸ್ ತಡೆಯಲು ಏಳು ಜನ ಉಳಿಯುತ್ತಾರೆ. ಅದೇ ಕೆಲಸಕ್ಕೆ ಐದಾರು ಜನರನ್ನು ಕಳುಹಿಸಬೇಕಾದರೆ ಅದು ಬ್ಲಿಟ್ಜ್. ಅಲ್ಲಿ ಹಿಂದೆ ಬಾಗಿಲು ತೆರೆದೇ ಇರುತ್ತದೆ, ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗೆ ಅಷ್ಟು ಸಾಕು.

ಈಗಲ್ಸ್‌ನ ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೊ ಆ ಪಂದ್ಯದಲ್ಲಿ ಒಂದೇ ಒಂದು ಬ್ಲಿಟ್ಜ್ ಕಳುಹಿಸಲಿಲ್ಲ. ಆದರೂ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ನೆಲ ಕಚ್ಚಿದರು. ಮಧ್ಯಂತರದ ಹೊತ್ತಿಗೆ ಅಂಕ 24-0, ಚೀಫ್ಸ್ ಕ್ರಮಿಸಿದ್ದು ಕೇವಲ 23 ಯಾರ್ಡ್. ಬ್ಲಿಟ್ಜ್ ಹಾಕಿ ಗಳಿಸಿದ ಆರು ಸ್ಯಾಕ್‌ಗಳನ್ನೂ ಹೀಗೆ ಗಳಿಸಿದ ಆರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಶುದ್ಧ ತಪ್ಪು.

ಹೆಜ್ಜೆ 2: ಗಡಿಯಾರ ನೋಡಿ

ಕ್ರೀಡಾ ವಾಹಿನಿ ಇಎಸ್‌ಪಿಎನ್ ಪ್ರಕಟಿಸುವ ಪಾಸ್ ರಶ್ ವಿನ್ ರೇಟ್‌ನಲ್ಲಿ ಗಡುವು ಎರಡೂವರೆ ಸೆಕೆಂಡ್. ಅಷ್ಟರೊಳಗೆ ತನ್ನ ಎದುರಾಳಿಯನ್ನು ದಾಟಿದವನು ಗೆದ್ದಂತೆ, ಸ್ಯಾಕ್ ಬರಲಿ ಬಿಡಲಿ. ಮನೆಯಲ್ಲಿ ಮೊಬೈಲ್ ಸ್ಟಾಪ್‌ವಾಚ್ ಸಾಕು. ನಾಲ್ಕು ಸೆಕೆಂಡ್ ಕಳೆದ ಮೇಲೆ ಬಂದ ಸ್ಯಾಕ್‌ನ ಶ್ರೇಯ ಬಹುಪಾಲು ಹಿಂದೆ ಪಾಸ್ ಹಿಡಿಯುವವರನ್ನು ಕಾಯುವ ಕಾರ್ನರ್‌ಬ್ಯಾಕ್‌ಗಳದ್ದು, ಇಲ್ಲವೇ ಚೆಂಡನ್ನು ಬಿಡದೆ ನಿಂತ ಕ್ವಾರ್ಟರ್‌ಬ್ಯಾಕ್‌ನ ತಪ್ಪು. ಸ್ಕ್ರೀನ್ ಪಾಸ್‌ಗಳನ್ನೂ (ಹತ್ತಿರದವರಿಗೆ ಬೇಗನೆ ಕೊಡುವ ಚಿಕ್ಕ ಪಾಸ್) ಒಂದೇ ಹೆಜ್ಜೆ ಹಿಂದಿಟ್ಟು ಎಸೆದುಬಿಡುವ ಪಾಸ್‌ಗಳನ್ನೂ ಲೆಕ್ಕಕ್ಕೆ ತರಬೇಡಿ, ಅವುಗಳಲ್ಲಿ ಯಾವ ರಶ್ಶೂ ತಲುಪುವುದಿಲ್ಲ. ಮೂರನೆಯ ಡೌನ್ (ಮೂರನೆಯ ಯತ್ನ), ಏಳೆಂಟು ಯಾರ್ಡ್ ಬಾಕಿ: ಪರೀಕ್ಷೆಗೆ ತಕ್ಕ ಸಮಯ ಅದು.

ಹೆಜ್ಜೆ 3: ಒತ್ತಡ ಯಾವ ದಿಕ್ಕಿನಿಂದ ಬಂತು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅಂಚಿನಿಂದ ಸುತ್ತಿಕೊಂಡು ಬರುವವನು ಎಷ್ಟೇ ವೇಗಿಯಾದರೂ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಸರಿದು ತಪ್ಪಿಸಿಕೊಳ್ಳಬಹುದು. ಲೈನ್‌ನ ಮಧ್ಯದಲ್ಲಿ ನಿಲ್ಲುವ ಗಾರ್ಡ್ ಮತ್ತು ಸೆಂಟರ್ ನಡುವಿನಿಂದ ಬಂದವನೆದುರು ಆ ಹೆಜ್ಜೆಗೆ ಜಾಗವೇ ಇರುವುದಿಲ್ಲ. 2008ರ ಸೂಪರ್ ಬೌಲ್‌ಗೆ 18-0 ದಾಖಲೆಯೊಂದಿಗೆ ಬಂದ ಪೇಟ್ರಿಯಟ್ಸ್ ತಂಡವನ್ನು ಜೈಂಟ್ಸ್ 17-14ರಿಂದ ಸೋಲಿಸಿದ್ದು ಹೀಗೆ. ಮೂಲತಃ ಅಂಚಿನ ಆಟಗಾರರಾದ ಜಸ್ಟಿನ್ ಟಕ್ ಅವರನ್ನು ಒಳಗಿನಿಂದಲೂ ನುಗ್ಗಿಸಿದರು. ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಐದು ಬಾರಿ ಉರುಳಿದರು.

ಇನ್ನು, ಲೈನ್‌ನ ನಡುವಿನಿಂದ ನುಗ್ಗುವ ಈಗಲ್ಸ್‌ನ ಜೇಲನ್ ಕಾರ್ಟರ್. 2025ರ ಸೂಪರ್ ಬೌಲ್‌ನ ಸ್ಯಾಕ್ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಜಾಶ್ ಸ್ವೆಟ್ ಎರಡೂವರೆ, ಮಿಲ್ಟನ್ ವಿಲಿಯಮ್ಸ್ ಎರಡು, ಕಾರ್ಟರ್ ಸೊನ್ನೆ. ವಿಡಿಯೊ ಹಾಕಿ ಕಾರ್ಟರ್ ಅವರೊಬ್ಬರನ್ನೇ ಗಮನಿಸಿ: ಅವರನ್ನು ತಡೆಯಲು ಮತ್ತೆ ಮತ್ತೆ ಇಬ್ಬರು ಬರುತ್ತಾರೆ, ಪಕ್ಕದಲ್ಲಿರುವವರಿಗೆ ಒಬ್ಬನೇ ಎದುರಾಳಿ ಸಿಗುತ್ತಾನೆ. ಒಂದು ತುದಿಯಲ್ಲಿ ಕುಂಬ್ಳೆ ಓವರ್ ಮೇಲೆ ಓವರ್ ಕಟ್ಟಿಹಾಕಿದಾಗ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತಿತ್ತಲ್ಲ, ಹಾಗೆ. ಅದಕ್ಕೇ ಪ್ರತಿ ಪಾಸ್‌ನಲ್ಲೂ ಯಾರ ಮೇಲೆ ಇಬ್ಬರು ಬಿದ್ದರು ಎಂದು ಪಟ್ಟಿ ಮಾಡಿ. ಸ್ಯಾಕ್ ಪಟ್ಟಿಗಿಂತ ಆ ಪಟ್ಟಿ ಹೆಚ್ಚು ಹೇಳುತ್ತದೆ.

ಹೆಜ್ಜೆ 4: ಎದುರಿಗಿದ್ದವರು ಯಾರು?

ಹೊಗಳಿಕೆಗೆ ಕತ್ತರಿ ಹಾಕುವ ಹೆಜ್ಜೆ ಇದು. ಚೀಫ್ಸ್‌ನ ಎಡ ಟ್ಯಾಕಲ್ (ಲೈನ್‌ನ ಎಡ ತುದಿ) ಸ್ಥಾನದಲ್ಲಿ ಅಂದು ನಿಂತಿದ್ದವರು ಜೋ ಥೂನಿ. ಉತ್ತಮ ಆಟಗಾರರು, ಆದರೆ ಅವರು ಹೆಸರು ಮಾಡಿದ್ದು ಗಾರ್ಡ್ ಆಗಿ; ಟ್ಯಾಕಲ್‌ಗಳ ಕೊರತೆಯಿಂದ ಅಲ್ಲಿಗೆ ಬಂದವರು. ಜೊತೆಗೆ, ದೊಡ್ಡ ಅಂತರದಿಂದ ಹಿಂದೆ ಬಿದ್ದ ತಂಡ ಪಾಸ್ ಮಾಡಲೇಬೇಕು. ಕೊನೆಯ ಕ್ವಾರ್ಟರ್‌ನಲ್ಲಿ ಬಂದ ಸ್ಯಾಕ್‌ಗಳಿಗೆ ಅಂಕ ಸ್ವಲ್ಪ ಕಡಿಮೆಯೇ ಕೊಡಿ.

ಹೆಜ್ಜೆ 5: ಹಿಂದಿನ ಏಳು ಜನ

ಈಗ ಬಹುತೇಕ ತಂಡಗಳು ಹಿಂದೆ ಪಾಸ್ ತಡೆಯುವ ಐವರು ಡಿಫೆನ್ಸಿವ್ ಬ್ಯಾಕ್‌ಗಳನ್ನು ಇಟ್ಟುಕೊಂಡೇ ಹೆಚ್ಚು ಆಡುತ್ತವೆ, ಇದೇ ನಿಕಲ್. ಹಾಗಾಗಿ ಮೂರನೆಯ ಕಾರ್ನರ್‌ಬ್ಯಾಕ್‌ನನ್ನು ಬದಲಿ ಆಟಗಾರನೆಂದು ಕಡೆಗಣಿಸಬೇಡಿ. 2024ರ ಡ್ರಾಫ್ಟ್‌ನ (ಹೊಸ ಆಟಗಾರರ ವಾರ್ಷಿಕ ಆಯ್ಕೆ) ಎರಡನೆಯ ಸುತ್ತಿನಲ್ಲಿ ಈಗಲ್ಸ್‌ಗೆ ಬಂದ ಕೂಪರ್ ಡಿಜೀನ್ ಆ ಜಾಗದವರು. ಸೂಪರ್ ಬೌಲ್‌ನ ಎರಡನೆಯ ಕ್ವಾರ್ಟರ್‌ನಲ್ಲಿ ಬೆನ್ನುಬೆನ್ನಿಗೆ ಎರಡು ಸ್ಯಾಕ್ ಆದ ಮೇಲೆ ಮಹೋಮ್ಸ್ ಓಡುತ್ತಲೇ ಎಸೆದ ಚೆಂಡನ್ನು ಹಿಡಿದು, 38 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಅಂದು ಅವರ 22ನೇ ಹುಟ್ಟುಹಬ್ಬ! ಅದನ್ನು ಬರೀ ಇಂಟರ್‌ಸೆಪ್ಷನ್ ಎಂದು ಬರೆದುಕೊಂಡರೆ ಆ ಎಸೆತವನ್ನು ಒತ್ತಾಯದಿಂದ ಹೊರಡಿಸಿದ ಮುಂಚೂಣಿಯ ನಾಲ್ವರು ಮರೆಯಾಗುತ್ತಾರೆ.

ರಕ್ಷಣಾ ಲೈನ್‌ನ ಹಿಂದೆಯೇ ನಿಲ್ಲುವ ಲೈನ್‌ಬ್ಯಾಕರ್‌ಗಳ ವಿಷಯದಲ್ಲಿ ಬೆಲೆಯನ್ನು ನಂಬಬೇಡಿ. ಝ್ಯಾಕ್ ಬಾನ್ ಒಂದು ವರ್ಷಕ್ಕೆ 35 ಲಕ್ಷ ಡಾಲರ್‌ಗೆ ಈಗಲ್ಸ್‌ಗೆ ಬಂದವರು. ಅಂಚಿನಿಂದ ಒಳಗಿನ ಲೈನ್‌ಬ್ಯಾಕರ್ ಸ್ಥಾನಕ್ಕೆ ಸರಿಸಿದ್ದೇ ತಡ, ಅದೇ ಋತುವಿನಲ್ಲಿ ಆಲ್-ಪ್ರೊ, ಅಂದರೆ ವರ್ಷದ ಶ್ರೇಷ್ಠರ ತಂಡಕ್ಕೆ ಆಯ್ಕೆ, ಆದರು.

ಹೆಜ್ಜೆ 6: ಮುಂದಿನ ವರ್ಷ ಯಾರಿರುತ್ತಾರೆ?

ನಾಲ್ವರಿಂದಲೇ ಒತ್ತಡ ಹೇರಬೇಕಾದರೆ ಏಳೆಂಟು ಲೈನ್‌ಮನ್‌ಗಳು ಸರದಿಯಲ್ಲಿ ಆಡಬೇಕು, ಯಾರೂ ದಣಿಯಬಾರದು. ಪ್ರತಿಯೊಬ್ಬರೂ ಎಷ್ಟು ಸ್ನ್ಯಾಪ್ ಆಡಿದರು, ಅವರ ಒಪ್ಪಂದ ಎಂದು ಮುಗಿಯುತ್ತದೆ ಎಂಬುದನ್ನು ಅಕ್ಕಪಕ್ಕ ಬರೆದುಕೊಳ್ಳಿ. ಗೆದ್ದ ಮರುತಿಂಗಳೇ ವಿಲಿಯಮ್ಸ್ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಒಪ್ಪಂದದ ಮೇಲೆ ಪೇಟ್ರಿಯಟ್ಸ್ ಸೇರಿದರು, ಸ್ವೆಟ್ ಅರಿಜೋನಾಕ್ಕೆ ಹೋದರು. ಅದೇ ವರ್ಷದ ನವೆಂಬರ್‌ನಲ್ಲಿ ಈಗಲ್ಸ್ ಡ್ರಾಫ್ಟ್‌ನ ಮೂರನೆಯ ಸುತ್ತಿನ ಆಯ್ಕೆಯೊಂದನ್ನು ಬಿಟ್ಟುಕೊಟ್ಟು ಮಯಾಮಿಯಿಂದ ಜೇಲನ್ ಫಿಲಿಪ್ಸ್ ಅವರನ್ನು ಕರೆಸಿಕೊಂಡಿತು. ಅವರು ಅಂಚಿನ ರಶರ್.